ಶೇಷ ಒಂದು: ಐಬ್ಯಾನ್ ತಾಳೆಯ ಮಿತಿ

ದುಬೈಯಿಂದ ಮಂಗಳೂರಿಗೆ ಹಣ ಕಳಿಸುವವರು ಕೊಡುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ. ಭಾರತ ಐಬ್ಯಾನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಪದ್ಧತಿಗೆ ಸೇರಿಲ್ಲ. ಮಂಗಳೂರಿನಿಂದ ದುಬೈಗೆ ಕಳಿಸುವಾಗ ಮಾತ್ರ ಬ್ಯಾಂಕಿನವರು 23 ಅಕ್ಷರಾಂಕಗಳ ಐಬ್ಯಾನ್ ಕೇಳುತ್ತಾರೆ. ಅದನ್ನು ತಪ್ಪಾಗಿ ಬರೆದರೆ ಪತ್ತೆಹಚ್ಚುವ ಉಪಾಯ ಆ ಸಂಖ್ಯೆಯೊಳಗೇ ಇದೆ. ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಐಎಸ್‌ಒ 13616 ಮಾನಕದಂತೆ ಐಬ್ಯಾನ್ 34 ಅಕ್ಷರಾಂಕಗಳನ್ನು ಮೀರುವಂತಿಲ್ಲ. ಮೊದಲ ಎರಡು ಅಕ್ಷರ ದೇಶದ್ದು, ಮುಂದಿನ ಎರಡು ಅಂಕಿ ತಾಳೆಗೆ, ಉಳಿದದ್ದು ಆಯಾ ದೇಶದ ಬ್ಯಾಂಕು ಮತ್ತು ಖಾತೆಯ ಗುರುತು. ಉದ್ದ ಒಂದೊಂದು ದೇಶಕ್ಕೆ ಒಂದೊಂದು: ನಾರ್ವೆಗೆ 15, ಜರ್ಮನಿಗೆ 22, ಮಾಲ್ಟಾಕ್ಕೆ 31.

ಮಾದರಿಯಾಗಿ ಬಳಕೆಯಲ್ಲಿರುವ ಯುಎಇ ಸಂಖ್ಯೆಯೊಂದನ್ನು ನೋಡೋಣ: ಎಇ07 0331 2345 6789 0123 456. ಮೊದಲ ನಾಲ್ಕನ್ನು ಕಿತ್ತು ಕೊನೆಗೆ ಹಾಕಬೇಕು. ರೋಮನ್ ಅಕ್ಷರಮಾಲೆಯ ಮೊದಲ ಅಕ್ಷರ 10, ಕೊನೆಯದು 35 ಎಂಬ ಲೆಕ್ಕದಲ್ಲಿ 'ಎಇ' ಎಂಬುದು 1014 ಆಗುತ್ತದೆ. ಸಿಗುವ 0331234567890123456101407 ಅನ್ನು 97ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. ಹಾಗೆ ಉಳಿದರೆ ತಾಳೆ ಸರಿ. ಕೊನೆಯ 56 ಅನ್ನು ಕೈತಪ್ಪಿ 65 ಎಂದು ಬರೆದು ನೋಡಿದೆ: ಶೇಷ 50. 97 ಎರಡಂಕಿಯ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಒಂದೇ ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದರ ಕಣ್ಣು ತಪ್ಪುವುದಿಲ್ಲ. ಬರೆಯುವವರ ಕೈ ಹೆಚ್ಚಾಗಿ ಎಡವುವುದೂ ಇವೆರಡರಲ್ಲೇ.

ಆದರೆ ಕೊನೆಯ 456ರ ಜಾಗದಲ್ಲಿ 553 ಬಂದರೆ? ವ್ಯತ್ಯಾಸ ಸರಿಯಾಗಿ 97. ಶೇಷ ಮತ್ತೆ 1. ಎರಡು ಅಂಕಿ ತಪ್ಪಾಗಿದ್ದರೂ ಸಂಖ್ಯೆ ಪಾಸಾಗುತ್ತದೆ. ಮನಬಂದಂತೆ ಬದಲಾದ ಸಂಖ್ಯೆಗಳಲ್ಲಿ ಸುಮಾರು 97ಕ್ಕೆ ಒಂದು ಹೀಗೆ ನುಸುಳಬಲ್ಲದು.

ಇನ್ನೊಂದು ಸೂಕ್ಷ್ಮವಿದೆ, ತಂತ್ರಾಂಶ ಬರೆಯುವವರು ಇದನ್ನು ಮರೆಯುವುದುಂಟು. ತಾಳೆ ಅಂಕಿಯನ್ನು, ಅದರ ಜಾಗದಲ್ಲಿ ಸೊನ್ನೆಗಳನ್ನಿಟ್ಟು ಭಾಗಿಸಿದಾಗ ಬರುವ ಶೇಷವನ್ನು 98ರಿಂದ ಕಳೆದು ಪಡೆಯುವುದರಿಂದ ಅದು 02ರಿಂದ 98ರವರೆಗೆ ಮಾತ್ರ ಇರಬಹುದು. 00, 01, 99 ಎಂದಿಗೂ ಬರುವಂತಿಲ್ಲ. ಆದರೆ 02 ಇರಬೇಕಾದಲ್ಲಿ 99 ಬರೆದರೆ ಅಂತರ 97, ಶೇಷ 1! ಬರೀ ಭಾಗಾಕಾರ ಮಾಡಿ ಸುಮ್ಮನಾಗುವ ತಂತ್ರಾಂಶ ಅದನ್ನು ಒಪ್ಪಿಬಿಡುತ್ತದೆ. ದೇಶಕ್ಕೆ ತಕ್ಕ ಉದ್ದ, ತಾಳೆ ಅಂಕಿಯ ವ್ಯಾಪ್ತಿ ಎರಡನ್ನೂ ನೋಡಿದ ಮೇಲೆಯೇ ಭಾಗಿಸಬೇಕು.

ಇಷ್ಟೆಲ್ಲ ಸರಿಹೋದರೂ ಆ ಖಾತೆ ಇದೆಯೇ, ಯಾರದ್ದು ಎಂಬುದನ್ನು ಈ ಲೆಕ್ಕ ಹೇಳದು. ಅದಕ್ಕೆ ಹೆಸರನ್ನೇ ತಾಳೆ ನೋಡಬೇಕು. ಯೂರೋ ವಲಯದ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 9ರಿಂದ ಇದು ಕಡ್ಡಾಯ. ನಮ್ಮಲ್ಲಿ ಆರ್‌ಟಿಜಿಎಸ್, ನೆಫ್ಟ್ ಪಾವತಿಗಳಿಗೆ ಹಣ ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಹೇಳಿತ್ತು. ಎರಡೂ ತಮ್ಮ ತಮ್ಮ ವಲಯದೊಳಗಿನ ಏರ್ಪಾಡುಗಳು. ಮಂಗಳೂರಿನಿಂದ ದುಬೈಗೆ ಹೋಗುವ ಹಣಕ್ಕೆ ಇವೆರಡೂ ಅನ್ವಯಿಸುವುದಿಲ್ಲ.