ಮಂತ್ರವ್ಯವಸ್ಥೆ: ಕಥಾಪ್ರಧಾನ ಆಟಗಳಲ್ಲಿ ಅದರ ಚರಿತ್ರೆ

ಕಲ್ಪಿತ ಲೋಕವೊಂದರಲ್ಲಿ ಮಂತ್ರ ಯಾರಿಗೆ ಒಲಿಯುತ್ತದೆ, ಅದರಿಂದ ಯಾವುದು ಸಾಧ್ಯ, ಯಾವುದು ಅಸಾಧ್ಯ, ಪ್ರಯೋಗಿಸಿದವನು ತೆರಬೇಕಾದ ಬೆಲೆಯೇನು ಎಂಬುದನ್ನು ಗೊತ್ತುಪಡಿಸುವ ನಿಯಮಗಳ ಕಟ್ಟಿಗೆ ಮಂತ್ರವ್ಯವಸ್ಥೆ ಎಂದು ಹೆಸರು. ಕಾದಂಬರಿಕಾರನು ಈ ನಿಯಮಗಳನ್ನು ಮಸುಕಾಗಿಯೇ ಬಿಟ್ಟು ಕಥೆ ನಡೆಸಬಲ್ಲನು. ಆಟದಲ್ಲಿಯಾದರೋ ಮಂತ್ರ ಹಾಕುವವನು ಆಟಗಾರನೇ ಆದ್ದರಿಂದ ಎಷ್ಟು ಸಲ, ಎಷ್ಟು ದೂರ, ಯಾರ ಮೇಲೆ ಎಂಬ ಪ್ರಶ್ನೆಗಳಿಗೆ ಲೆಕ್ಕದ ಉತ್ತರ ಬೇಕೇ ಬೇಕು. ಆ ಲೆಕ್ಕ ಕಥೆಯೊಳಗೆ ಬೆರೆತಾಗ ಆಟ ಗಟ್ಟಿಯಾಗಿದೆ, ಬೇರೆಯಾಗಿ ನಿಂತಾಗ ಲೋಕದ ಮೇಲಿನ ನಂಬಿಕೆಯೇ ಸಡಿಲಿದೆ. ಲೆಕ್ಕದಿಂದಲೇ ಕಥೆ ಹುಟ್ಟುವುದು ಕನ್ನಡ ಓದುಗರಿಗೆ ಹೊಸತಲ್ಲ: ಇಂದ್ರನಿಂದ ಕರ್ಣ ಪಡೆದ ಶಕ್ತ್ಯಾಯುಧವನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದೆಂಬ ಕಟ್ಟುಪಾಡು ಇಲ್ಲದಿದ್ದರೆ ಘಟೋತ್ಕಚನ ಸಾವಿಗೆ ಅಷ್ಟು ಅರ್ಥವಾಗಲಿ, ಅರ್ಜುನನ ಉಳಿವಿಗೆ ಅಷ್ಟು ಭಾರವಾಗಲಿ ಬರುತ್ತಿರಲಿಲ್ಲ.

ಆಧುನಿಕ ಆಟಗಳ ಮಂತ್ರ ಹುಟ್ಟಿದ್ದು ಅಮೆರಿಕದ ಕಾಳಗದ ಆಟಗಳಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದ ಚೈನ್‌ಮೇಲ್ ಎಂಬ ನಿಯಮಪುಸ್ತಕದ ಅನುಬಂಧದಲ್ಲಿ ಮಾಂತ್ರಿಕನೊಬ್ಬನಿದ್ದರೂ ಅವನ ಬೆಂಕಿಯುಂಡೆ ಕವಣೆಯಂತ್ರದ ಕೆಲಸವನ್ನೇ ಮಾಡುತ್ತಿತ್ತು. ಅವನು ಬಹುಮಟ್ಟಿಗೆ ಕಾಲಿದ್ದ ಫಿರಂಗಿ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿ, ಆಟಗಾರ ಸೈನ್ಯದ ಬದಲು ಒಂದೇ ಪಾತ್ರವನ್ನು ವಹಿಸುವ ಪದ್ಧತಿ ತಂದಾಗ, ಮಂತ್ರಕ್ಕೆ ಮಿತಿ ಹಾಕದಿದ್ದರೆ ಕತ್ತಿ ಹಿಡಿದವನಿಗೆ ಕೆಲಸವೇ ಉಳಿಯದೆಂಬ ತೊಡಕು ಎದುರಾಯಿತು. ಅದಕ್ಕೆ ಗೈಗ್ಯಾಕ್ಸ್ ಉತ್ತರ ಕಂಡುಕೊಂಡದ್ದು ಜ್ಯಾಕ್ ವಾನ್ಸ್‌ನ 1950ರ ಕಥಾಸಂಕಲನ ದಿ ಡೈಯಿಂಗ್ ಅರ್ಥ್‌ನಲ್ಲಿ. ಅಲ್ಲಿ ಮಂತ್ರವೆಂಬುದು ಮನಸ್ಸಿನಲ್ಲಿ ಬಲವಂತವಾಗಿ ತುಂಬಿಸಿಟ್ಟ ಪದಪುಂಜ. ಉಚ್ಚರಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುತ್ತದೆ, ಮತ್ತೆ ಬೇಕಾದರೆ ಗ್ರಂಥ ತೆರೆದು ಕಲಿಯಬೇಕು. ಮಜಿರಿಯನ್ ಎಂಬ ಮಾಂತ್ರಿಕ ಆಯ್ದ ಕೆಲವೇ ಮಂತ್ರಗಳನ್ನು ಹೊತ್ತು ಹೆಣ್ಣೊಬ್ಬಳ ಬೆನ್ನುಹತ್ತಿ, ಅವನ್ನು ಒಂದೊಂದಾಗಿ ಕಳೆದುಕೊಂಡು, ಕೊನೆಗೆ ಬರಿಗೈಯಲ್ಲಿ ಸಾಯುವ ಕಥೆಯಲ್ಲಿ ಈ ನಿಯಮವೇ ಕಥಾವಸ್ತು. ಆಟಕ್ಕೆ ಬರುವಾಗ ನಿಯಮ ಉಳಿಯಿತು, ಅದರ ಹಿಂದಿನ ಭಯ ಬಹುಪಾಲು ಕಳೆದುಹೋಯಿತು. ಇಂದಿಗೂ ಈ ಪದ್ಧತಿಯನ್ನು ವಾನ್ಸ್‌ನ ಹೆಸರಿನಿಂದಲೇ ಕರೆಯುತ್ತಾರೆ. ಆ ಆಟದ ಪ್ರಸಿದ್ಧ ಖಳ ವೆಕ್ನಾನ ಹೆಸರೂ ವಾನ್ಸ್‌ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಪಡೆದದ್ದು.

ಮಂತ್ರವನ್ನು ನೆನಪಾಗಿ ಅಲ್ಲದೆ ಇಂಧನವಾಗಿ ಕಾಣುವ ಎರಡನೆಯ ಧಾರೆಯೂ ಬೇಗನೆ ಹೊರಟಿತು. ಕೆನ್ ಸೇಂಟ್ ಆಂಡ್ರೆಯ ಟನಲ್ಸ್ ಅಂಡ್ ಟ್ರೋಲ್ಸ್ (1975) ಆಟದಲ್ಲಿ ಮಂತ್ರ ಹಾಕಿದವನ ಮೈಬಲವೇ ಕುಂದುತ್ತಿತ್ತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಮಾನಾ’ ಎಂಬ ಪದ ಶಾಂತಸಾಗರದ ದ್ವೀಪವಾಸಿಗಳದು. ರಾಬರ್ಟ್ ಕಾಡ್ರಿಂಗ್ಟನ್ 1891ರಲ್ಲಿ ಮೆಲನೇಷ್ಯದ ಜನರನ್ನು ಕುರಿತು ಬರೆದ ಗ್ರಂಥದ ಮೂಲಕ ಅದು ಪಾಶ್ಚಾತ್ಯ ವಿದ್ವಾಂಸರಿಗೆ ಪರಿಚಿತವಾಯಿತು. ವ್ಯಕ್ತಿಯಲ್ಲೋ ವಸ್ತುವಿನಲ್ಲೋ ನೆಲೆಸುವ ಅಲೌಕಿಕ ಸಾಮರ್ಥ್ಯವನ್ನು ಸೂಚಿಸುತ್ತಿದ್ದ ಆ ಪದವನ್ನು ತೀರಿಹೋಗುವ ಸಂಪತ್ತಾಗಿ ಮಾರ್ಪಡಿಸಿದವರಲ್ಲಿ ಲ್ಯಾರಿ ನಿವೆನ್ ಮುಖ್ಯನು. 1969ರ ಅವನ ಕಥೆಯೊಂದರಲ್ಲಿ ಮಾಂತ್ರಿಕನು ಮಂತ್ರಬಲದಿಂದ ತಿರುಗುವ ಲೋಹದ ಚಕ್ರವನ್ನು ಬಿಟ್ಟು, ಅದು ತಿರುಗಿ ತಿರುಗಿ ಆ ಜಾಗದ ಮಾನಾವನ್ನೆಲ್ಲ ಹೀರುವಂತೆ ಮಾಡುತ್ತಾನೆ. ಮಂತ್ರವೂ ಗಣಿಯ ಅದಿರಿನಂತೆ ಬರಿದಾಗಬಲ್ಲದೆಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಮುಂದೆ ಕಂಪ್ಯೂಟರ್ ಆಟಗಳ ತೆರೆಯ ಮೂಲೆಯ ನೀಲಿ ಪಟ್ಟಿಯಾಗಿ ಉಳಿದ ಮಾನಾದಲ್ಲಿ ದ್ವೀಪವಾಸಿಗಳ ಮೂಲ ಅರ್ಥ ಏನೇನೂ ಉಳಿದಿಲ್ಲವೆಂಬುದು ವಿಷಾದದ ಸಂಗತಿ.

ಮೂರನೆಯ ಧಾರೆ ಮಂತ್ರವನ್ನು ಭಾಷೆಯೆಂದು ಬಗೆಯಿತು. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ 1987ರಲ್ಲಿ ರಚಿಸಿದ ಆರ್ಸ್ ಮ್ಯಾಜಿಕಾ ಮಧ್ಯಯುಗದ ಯೂರೋಪಿನಲ್ಲಿ ನಡೆಯುತ್ತದೆ. ಅದರಲ್ಲಿ ಸೃಷ್ಟಿಸು, ಅರಿ, ಮಾರ್ಪಡಿಸು, ನಾಶಮಾಡು, ನಿಯಂತ್ರಿಸು ಎಂಬ ಅರ್ಥದ ಐದು ಲ್ಯಾಟಿನ್ ಕ್ರಿಯಾಪದಗಳೂ ಬೆಂಕಿ, ನೀರು, ದೇಹ, ಮನಸ್ಸು ಮೊದಲಾದ ಹತ್ತು ನಾಮಪದಗಳೂ ಇದ್ದು, ‘ಕ್ರಿಯೋ ಇಗ್ನೆಮ್’ ಎಂದರೆ ಬೆಂಕಿಯ ಸೃಷ್ಟಿ, ‘ಪೆರ್ಡೋ ಇಗ್ನೆಮ್’ ಎಂದರೆ ಅದರ ನಾಶ. ಹೀಗೆ ಒದಗುವ 50 ಜೋಡಿಗಳಿಂದ ಆಟಗಾರನು ಪಟ್ಟಿಯಲ್ಲಿಲ್ಲದ ಮಂತ್ರವನ್ನೂ ಸ್ಥಳದಲ್ಲೇ ಕಟ್ಟಬಹುದು. ವ್ಯಾಕರಣ ಬಲ್ಲವನಿಗೆ ಹೊಸ ವಾಕ್ಯ ಹೇಗೆ ಸುಲಭವೋ ಹಾಗೆ. ಈ ಸೊಗಸನ್ನು ಮೀರಿಸಿದ ಮೇಜಿನ ಆಟ ಅಪರೂಪ.

ಕಂಪ್ಯೂಟರಿಗೆ ಇಂಥ ಬಿಡಿವಾಕ್ಯಗಳನ್ನು ತೂಗಿನೋಡುವ ತೀರ್ಪುಗಾರನ ವಿವೇಕವಿಲ್ಲದ್ದರಿಂದ ಅಲ್ಲಿ ಮಂತ್ರವು ಕಲಿಕೆಯ ರೂಪ ತಾಳಿತು. ವಿಜರ್ಡ್ರಿ (1981) ಮಂತ್ರದ ಹೆಸರನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿಸುತ್ತಿತ್ತು. ರಿಚರ್ಡ್ ಗ್ಯಾರಿಯಟ್‌ನ ಅಲ್ಟಿಮಾ 4 (1985) ಬೆಳ್ಳುಳ್ಳಿ, ಗಂಧಕದ ಬೂದಿ, ಜೇಡರ ಬಲೆಯ ನೂಲು ಮುಂತಾದ ಎಂಟು ದ್ರವ್ಯಗಳನ್ನು ಪ್ರಯೋಗಕ್ಕೆ ಮೊದಲೇ ಬೆರೆಸಿಡಬೇಕೆಂದು ವಿಧಿಸಿತು. ಅವುಗಳಲ್ಲಿ ಮ್ಯಾಂಡ್ರೇಕ್ ಬೇರು, ನೈಟ್‌ಶೇಡ್ ಎಂಬೆರಡು ಅಂಗಡಿಯಲ್ಲಿ ದೊರೆಯುವಂಥವಲ್ಲ; ಆ ಲೋಕದ ಎರಡು ಚಂದ್ರರಿಗೂ ಒಟ್ಟಿಗೆ ಅಮಾವಾಸ್ಯೆಯಾದ ಹೊತ್ತಿನಲ್ಲಿ ಗೊತ್ತಾದ ಜಾಗಕ್ಕೆ ಹೋಗಿ ಹುಡುಕಿದವನಿಗಷ್ಟೇ ಅವು ಸಿಗುತ್ತಿದ್ದವು.

ಈ ದಾರಿಯ ಶಿಖರ ಬ್ರಯನ್ ಮೊರಿಯಾರ್ಟಿಯು ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ಗಾಗಿ ರಚಿಸಿದ ಲೂಮ್ (1990). ಇದರ ನಾಯಕ ನೇಕಾರರ ಕುಲದ ತರುಣ ಬಾಬಿನ್ ಥ್ರೆಡ್‌ಬೇರ್. ಅವನ ಕೈಯಲ್ಲಿರುವುದು ನೂಲುವ ಕೋಲು, ಅವನ ಮಂತ್ರಗಳು ನಾಲ್ಕು ನಾಲ್ಕು ಸ್ವರಗಳ ಎಳೆಗಳು. ತೆರೆಯುವ ಮಂತ್ರವನ್ನು ಕಿವಿಗೊಟ್ಟು ಕಲಿತ ಆಟಗಾರ ಅದೇ ಸ್ವರಗಳನ್ನು ಹಿಂದುಮುಂದಾಗಿ ನುಡಿಸಿದರೆ ತೆರೆದದ್ದು ಮುಚ್ಚಿಕೊಳ್ಳುತ್ತದೆ. ಎತ್ತಲಿಂದ ನುಡಿಸಿದರೂ ಒಂದೇ ಆಗುವ ಸ್ವರಮಾಲೆಗೆ ಮಾತ್ರ ಪ್ರತಿಮಂತ್ರವಿಲ್ಲ. ಅಂಕವಾಗಲಿ ಪಟ್ಟಿಯಾಗಲಿ ಇಲ್ಲದ, ಸಾವಿನ ಹೆದರಿಕೆಯನ್ನೂ ಒಡ್ಡದ ಈ ಆಟದಲ್ಲಿ ನಿಯಮವೂ ಸಂಗೀತವೂ ಕುಲಕಸುಬೂ ಒಂದೇ ಹಾಸುಹೊಕ್ಕಿನಲ್ಲಿ ಸೇರಿವೆ.

ಜಪಾನಿನ ಆಟಗಳು ಡ್ರ್ಯಾಗನ್ ಕ್ವೆಸ್ಟ್ (1986) ಕಾಲದಿಂದಲೂ ಅಂಕಪದ್ಧತಿಯನ್ನು ಹಿಡಿದವಾದರೂ, ಮಂತ್ರದ ಮೂಲವನ್ನೇ ಲೋಕದ ಇತಿಹಾಸವಾಗಿಸುವುದರಲ್ಲಿ ಮುಂದೆ ಹೋದವು. ಫೈನಲ್ ಫ್ಯಾಂಟಸಿ 6 (1994) ಆಟದಲ್ಲಿ ಎಸ್ಪರ್ ಎಂಬ ಜೀವಿಗಳು ಸತ್ತಾಗ ಉಳಿಯುವ ಕಲ್ಲುಗಳಿಂದ ಪಾತ್ರಗಳು ಮಂತ್ರ ಕಲಿಯುತ್ತವೆ. ಕಥೆಯ ಕೊನೆಗೆ ಆ ಕಲ್ಲುಗಳು ಒಡೆದು, ಮಂತ್ರವೇ ಲೋಕದಿಂದ ಮರೆಯಾಗುತ್ತದೆ. ಫೈನಲ್ ಫ್ಯಾಂಟಸಿ 7 (1997) ಮಂತ್ರದ ಹರಳುಗಳನ್ನು ಗ್ರಹದ ಜೀವಶಕ್ತಿಯ ಹೆಪ್ಪೆಂದು ಕಲ್ಪಿಸಿ, ಅದೇ ಶಕ್ತಿಯನ್ನು ಹೀರಿ ವಿದ್ಯುತ್ತು ಮಾಡುವ ಕಂಪನಿಯನ್ನು ಖಳನ ಸ್ಥಾನದಲ್ಲಿ ನಿಲ್ಲಿಸಿತು. ಆದರೆ ಕಾಳಗದಲ್ಲಿ ಬಿದ್ದ ಸಂಗಾತಿಯನ್ನು ಗರಿಯೊಂದರಿಂದ ಎಬ್ಬಿಸುವ ಆಟದಲ್ಲಿ ನಾಯಕನ ಸಂಗಾತಿ ಏರಿತ್ ಕೊಲೆಯಾದಾಗ ಆ ಗರಿ ಏಕೆ ಕೆಲಸಕ್ಕೆ ಬಾರದೆಂಬ ಪ್ರಶ್ನೆ ಆಟಗಾರರನ್ನು ಇಂದಿಗೂ ಬಿಟ್ಟಿಲ್ಲ. ಸಾವಿಗೆ ಕಾಳಗದೊಳಗೊಂದು, ಹೊರಗೊಂದು ಅರ್ಥವಿರುವ ಈ ಬಿರುಕು ಮಂತ್ರವ್ಯವಸ್ಥೆಗಳ ಹಳೆಯ ರೋಗ. ಡ್ರ್ಯಾಗನ್ ಏಜ್ 2ರಲ್ಲಿಯೂ (2011) ಮಾಂತ್ರಿಕರನ್ನು ಬೇಟೆಯಾಡುವ ಊರಿನ ಬೀದಿಯಲ್ಲೇ ನಾಯಕ ಬಹಿರಂಗವಾಗಿ ಮಂತ್ರ ಹಾಕಿದರೂ ಕಾವಲುಗಾರರು ಕಾಣದಂತೆ ಇರುತ್ತಾರೆ.

ಕೆಲವೊಮ್ಮೆ ತಾಂತ್ರಿಕ ಅಡಚಣೆಯೇ ಲೋಕದ ಕಾನೂನಾಗಿದೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮಾರೊವಿಂಡ್ (2002) ಆಟಗಾರನಿಗೆ ಗಾಳಿಯಲ್ಲಿ ತೇಲುವ ಮಂತ್ರ ಕೊಟ್ಟಿತ್ತು. ಆಬ್ಲಿವಿಯನ್ (2006) ನಗರಗಳನ್ನು ಗೋಡೆಯಾಚೆ ಪ್ರತ್ಯೇಕ ತುಣುಕುಗಳಾಗಿ ಲೋಡ್ ಮಾಡುತ್ತಿದ್ದುದರಿಂದ, ಗೋಡೆಯ ಮೇಲಿಂದ ಹಾರಿಬಂದವನಿಗೆ ಒಳಗೆ ಊರೇ ಇರುತ್ತಿರಲಿಲ್ಲ. ಮಂತ್ರವನ್ನು ಕೈಬಿಟ್ಟು, ತೇಲುವುದನ್ನು ಕಾಯ್ದೆಯೊಂದು ನಿಷೇಧಿಸಿದೆಯೆಂದು ಕಥೆಯೊಳಗೆ ಕಾರಣ ಒದಗಿಸಲಾಯಿತು.

ವಾನ್ಸ್‌ನ ಮರೆವು ಮೂಲ ಆಟದಲ್ಲೇ ಕ್ರಮೇಣ ಸಡಿಲಗೊಂಡಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯಲ್ಲಿ ಸಿದ್ಧಪಡಿಸಿಕೊಂಡ ಮಂತ್ರ ಅಳಿಯುವುದಿಲ್ಲ, ಅದನ್ನು ಪ್ರಯೋಗಿಸುವ ಅವಕಾಶಗಳಷ್ಟೇ ಮುಗಿಯುತ್ತವೆ. ಆ ಆವೃತ್ತಿಯನ್ನು ಆಧರಿಸಿ ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ಬಾಲ್ಡರ್ಸ್ ಗೇಟ್ 3ರಲ್ಲಿ ಬೆಲೆ ಬೇರೆ ಬಾಗಿಲಿನಿಂದ ಮರಳಿದೆ: ಎದೆಯೊಳಗೆ ಹಸಿದ ಮಾಯಾಶಕ್ತಿಯನ್ನು ಹೊತ್ತ ಗೇಲ್ ಎಂಬ ಸಂಗಾತಿ ಅದನ್ನು ತಣಿಸಲು ಮಂತ್ರಿತ ವಸ್ತುಗಳನ್ನು ಬೇಡುತ್ತಾನೆ, ಮತ್ತು ಕರುಣೆಯಿಂದ ಆಟಗಾರ ಕೊಟ್ಟ ವಸ್ತು ಅವನ ಚೀಲದಿಂದ ನಿಜವಾಗಿಯೂ ಇಲ್ಲವಾಗುತ್ತದೆ.