ಸುಮ್ಮನೆ ಹಿಡಿದಿಟ್ಟ ಹೆಸರು: ಡೊಮೇನ್ ವ್ಯಾಜ್ಯಗಳಲ್ಲಿ ‘ಬಳಕೆ’ಯ ಪ್ರಶ್ನೆ

ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ಕಾನೂನಿನ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರ ಮೇ 6ರಂದು ಹೇಳಿದ ಪ್ರಕರಣ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸತ್ಯಂ ಇನ್ಫೋವೇ ತನ್ನ ಹೆಸರನ್ನೇ ಮೊಟಕುಗೊಳಿಸಿ ‘ಸಿಫಿ’ ಎಂದು ಮಾಡಿಕೊಂಡು, 1999ರಲ್ಲಿ ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ ಅದೇ ಪದಕ್ಕೆ ಒಂದು ‘ಎಫ್’ ಹೆಚ್ಚಿಗೆ ಸೇರಿಸಿ ನೋಂದಣಿ ಪಡೆಯಿತು. ತನ್ನ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆ ಪದ ಬಂತೆಂದು ವಾದಿಸಿತು. ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಪ್ರತಿವಾದಿ ಹೂಡಿದ ಬಂಡವಾಳಕ್ಕೆ ತೂಕ ಕೊಟ್ಟ ಹೈಕೋರ್ಟ್ ಅದನ್ನು ತೆರವುಗೊಳಿಸಿತು. ಮೊದಲಕ್ಷರದ ಕಥೆಯನ್ನು ಸುಪ್ರೀಂ ಕೋರ್ಟ್ ನಂಬಲಿಲ್ಲ; ತಡೆಯಾಜ್ಞೆ ಮರಳಿ ಬಂತು.

ಇಲ್ಲಿ ಆಧಾರವಾದದ್ದು ‘ಪಾಸಿಂಗ್ ಆಫ್’, ಅಂದರೆ ತನ್ನ ಸರಕನ್ನು ಇನ್ನೊಬ್ಬರದೆಂದು ಸಾಗಹಾಕುವುದರ ವಿರುದ್ಧದ ಹಳೆಯ ನಿಯಮ. ಪ್ರತಿವಾದಿ ನಿಜಕ್ಕೂ ವ್ಯಾಪಾರ ನಡೆಸುತ್ತಿದ್ದುದರಿಂದ ನಿಯಮ ಸಲೀಸಾಗಿ ಒಗ್ಗಿತು. ಹೆಸರು ಹಿಡಿದು ಸುಮ್ಮನೆ ಕೂತವನಿಗೆ ಅದು ಅಷ್ಟು ಸಲೀಸಾಗಿ ಒಗ್ಗುವುದಿಲ್ಲ: ಸರಕೇ ಇಲ್ಲದಿದ್ದರೆ ಗ್ರಾಹಕ ಮೋಸಹೋಗುವುದು ಯಾವುದರಿಂದ?

ಅಮೆರಿಕದ ಡೆನ್ನಿಸ್ ಟೋಪೆನ್ ಈ ಬಗೆಯವನು. ಪ್ಯಾನಾವಿಷನ್ ಕಂಪನಿಯ ಹೆಸರಿನ ಡೊಮೇನ್ ಪಡೆದು, ಆ ಜಾಲತಾಣದಲ್ಲಿ ಇಲಿನಾಯ್‌ನ ಪ್ಯಾನಾ ಎಂಬ ಊರಿನ ವೈಮಾನಿಕ ಚಿತ್ರಗಳನ್ನಷ್ಟೇ ಹಾಕಿದ್ದ. ಬಿಟ್ಟುಕೊಡಲು 13,000 ಡಾಲರ್ ಕೇಳಿದ್ದ. (ಊರಿನ ಹೆಸರು ಹುಡುಕಿ ತೆಗೆದ ಜಾಣತನವನ್ನು ಮೆಚ್ಚಲೇಬೇಕು.) ಮಾಲೀಕರಿಗೇ ಹೆಸರು ಮಾರುವುದು ಅವನ ವ್ಯಾಪಾರ, ಆದ್ದರಿಂದ ಅದೂ ವಾಣಿಜ್ಯ ಬಳಕೆಯೇ ಎಂದು 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ತರ್ಕ ತುಸು ಎಳೆದು ತಂದದ್ದು, ಆದರೆ ಫಲ ನ್ಯಾಯವಾದದ್ದು.

ಡೊಮೇನ್ ವ್ಯಾಜ್ಯ ಬಗೆಹರಿಸುವ ಅಂತರರಾಷ್ಟ್ರೀಯ ಯುಡಿಆರ್‌ಪಿ ನಿಯಮದಲ್ಲಿ ನೋಂದಣಿ, ಬಳಕೆ ಎರಡರಲ್ಲೂ ದುರುದ್ದೇಶ ಸಾಬೀತಾಗಬೇಕು. ಹಾಗಾಗಿ 2000ದ ಟೆಲ್‌ಸ್ಟ್ರಾ ಪ್ರಕರಣದಲ್ಲಿ, ಸಂದರ್ಭ ನೋಡಿ, ನಿಷ್ಕ್ರಿಯವಾಗಿ ಇಟ್ಟುಕೊಳ್ಳುವುದನ್ನೂ ಬಳಕೆಯೆಂದೇ ಎಣಿಸಬೇಕಾಯಿತು. ‘ಡಾಟ್ ಇನ್’ ಹೆಸರುಗಳಿಗಾಗಿ ಭಾರತ ರೂಪಿಸಿದ ಐಎನ್‌ಡಿಆರ್‌ಪಿಗೆ ಈ ಸರ್ಕಸ್ ಬೇಡ. ಎರಡರಲ್ಲಿ ಒಂದು ಸಾಕು. ಈ ಒಂದು ವಿಷಯದಲ್ಲಿ ನಮ್ಮ ನಿಯಮವೇ ಮೇಲು.

ಪರಿಹಾರದ ಮಾತು ಬೇರೆ. ದುರುದ್ದೇಶದಿಂದ ಡೊಮೇನ್ ಹಿಡಿದಿಡುವವರ ವಿರುದ್ಧದ ಅಮೆರಿಕದ 1999ರ ಕಾಯಿದೆಯಡಿ ನ್ಯಾಯಾಲಯ ಪ್ರತಿ ಡೊಮೇನ್‌ಗೆ 1,000ದಿಂದ 1,00,000 ಡಾಲರ್‌ವರೆಗೆ ಪರಿಹಾರ ವಿಧಿಸಬಹುದು. ಐಎನ್‌ಡಿಆರ್‌ಪಿಯಲ್ಲಿ ದೂರುದಾರನಿಗೆ ಸಿಗುವುದು ಹೆಸರಿನ ರದ್ದತಿ ಅಥವಾ ವರ್ಗಾವಣೆ, ಹೆಚ್ಚೆಂದರೆ ಖರ್ಚು. ನಷ್ಟ ಪರಿಹಾರ ಬೇಕೆಂದರೆ ಅವನು ಮತ್ತೆ ಸಿವಿಲ್ ನ್ಯಾಯಾಲಯಕ್ಕೇ ಹೋಗಿ, ಅದೇ ಪಾಸಿಂಗ್ ಆಫ್ ದಾವೆ ಹೂಡಬೇಕು.