ನೋಡಿ ತಪ್ಪಿಸಿಕೊಳ್ಳುವ ನಿಯಮ

2010ರ ಆಗಸ್ಟ್ 14. ಅಮೆರಿಕದ ಕೊಲೊರಾಡೊ ರಾಜ್ಯದ ಬ್ರೈಟನ್ ಬಳಿ ಇರುವ ವ್ಯಾನ್-ಏರ್ ಎಂಬ ಪುಟ್ಟ ವಿಮಾನ ನಿಲ್ದಾಣದಲ್ಲಿ ವಿಮಾನಪ್ರಿಯರು ಸೇರಿದ್ದರು. ರಿಮೋಟ್‌ನಿಂದ ಹಾರಿಸುವ ದೊಡ್ಡ ಮಾದರಿ ವಿಮಾನವೊಂದು ರನ್‌ವೇಯ ಮೇಲೆ ಕಸರತ್ತು ತೋರಿಸುತ್ತಿತ್ತು. ಅಷ್ಟರಲ್ಲಿ ಪೈಲಟ್ ಕೂತಿದ್ದ ಶ್ಪಾಕೋವ್ ಎಸ್‌ಎ 750 ಬೈಪ್ಲೇನ್ ರನ್‌ವೇಯ ಉದ್ದಕ್ಕೂ ತಗ್ಗಿನಲ್ಲಿ ಹಾರಿ ಬಂತು. ಎರಡೂ ಡಿಕ್ಕಿ ಹೊಡೆದವು. ಮಾದರಿ ನುಚ್ಚುನೂರಾಯಿತು. ಬೈಪ್ಲೇನಿನ ರೆಕ್ಕೆಗೆ ಪೆಟ್ಟು ಬಿದ್ದರೂ ಅದು ಸುರಕ್ಷಿತವಾಗಿ ಇಳಿಯಿತು. ಯಾರಿಗೂ ಗಾಯವಾಗಲಿಲ್ಲ.

ಯಾರೂ ಸಾಯದ ಅಪಘಾತಗಳನ್ನು ಚರಿತ್ರೆ ಬೇಗ ಮರೆಯುತ್ತದೆ. ಆದರೆ ಇಲ್ಲಿ ಕದ್ದುಮುಚ್ಚಿ ಹಾರಿಸಿದವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹಾಡುಹಗಲು, ತೆರೆದ ಬಯಲು, ಸುತ್ತಲೂ ವಿಮಾನ ಬಲ್ಲ ಜನ. ಹಾಗಿದ್ದೂ ಡಿಕ್ಕಿಯಾಯಿತು. ಹಾಗಾದರೆ ಸಣ್ಣ ನಿಲ್ದಾಣಗಳ ಆಕಾಶವನ್ನು ಅಷ್ಟು ಕಾಲ ಕಾಯುತ್ತಿದ್ದದ್ದು ಯಾವುದು?

ಮಾದರಿ ವಿಮಾನದ ಹವ್ಯಾಸ ಹೊಸದೇನಲ್ಲ. ಅಮೆರಿಕದ ಹವ್ಯಾಸಿಗಳ ಸಂಘಟನೆಯಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಹುಟ್ಟಿದ್ದು 1936ರಲ್ಲಿ. ಮರುವರ್ಷವೇ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂಬ ಮಾದರಿಯನ್ನು ರೇಡಿಯೊ ಮೂಲಕ ಹಾರಿಸಿದರು. ಆಗ ದೊಡ್ಡ ವಿಮಾನಗಳೂ ಬಹುಮಟ್ಟಿಗೆ ಒಂದೇ ನಿಯಮದ ಮೇಲೆ ಹಾರುತ್ತಿದ್ದವು: ಎದುರಿಗೆ ಬರುವುದನ್ನು ನೋಡು, ತಪ್ಪಿಸಿಕೋ. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಮಂದಿ ಸತ್ತ ಮೇಲೆ ಆ ನಿಯಮ ಸಾಲದೆಂದು ಎಲ್ಲರಿಗೂ ಮನವರಿಕೆಯಾಯಿತು. 1958ರಲ್ಲಿ ಹೊಸ ವಾಯುಯಾನ ಸಂಸ್ಥೆ, ಇಂದಿನ ಎಫ್‌ಎಎ, ಸ್ಥಾಪನೆಯಾಯಿತು. ದೊಡ್ಡ ವಿಮಾನಗಳ ಮೇಲೆ ರೇಡಾರಿನ ಕಣ್ಣು ಬಿತ್ತು. ಕಂಟ್ರೋಲ್ ಟವರ್ ಇಲ್ಲದ ಸಣ್ಣ ನಿಲ್ದಾಣಗಳಿಗೆ ಮಾತ್ರ ಹಳೆಯ ನಿಯಮವೇ ಉಳಿಯಿತು.

ಅಲ್ಲಿ ಹಾರುವ ಮಾದರಿಗಳಿಗಾಗಿ 1981ರ ಜೂನ್‌ನಲ್ಲಿ ಎಫ್‌ಎಎ ಒಂದು ಸುತ್ತೋಲೆ ಹೊರಡಿಸಿತು. ಒಂದೇ ಪುಟ. 400 ಅಡಿಗಿಂತ ಮೇಲೆ ಹಾರಿಸಬೇಡಿ; ನಿಲ್ದಾಣದ 3 ಮೈಲಿಯೊಳಗೆ ಹಾರಿಸುವುದಾದರೆ ಅಲ್ಲಿನವರಿಗೆ ತಿಳಿಸಿ; ನಿಜವಾದ ವಿಮಾನಕ್ಕೆ ದಾರಿ ಬಿಡಿ. ಇದು ಕಾನೂನಲ್ಲ, ಸಲಹೆ. ಆದರೂ ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ನಡೆಯಿತು. ಮಾದರಿ ಕಟ್ಟಲು ತಿಂಗಳುಗಟ್ಟಲೆ ಬೇಕಿತ್ತು, ಹಾರಿಸುವುದನ್ನು ಕಲಿಯಲು ಕ್ಲಬ್ಬಿಗೆ ಹೋಗಬೇಕಿತ್ತು. ಕ್ಲಬ್ಬಿನ ಹಿರಿಯರ ಗದರಿಕೆಯೇ ಪೊಲೀಸು.

ಈ ಮೂರು ಸಲಹೆಗಳ ತೂಕ ಒಂದೇ ಅಲ್ಲ. 400 ಅಡಿಯ ಮಿತಿ ನಿಲ್ದಾಣದ ಹತ್ತಿರ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುವ ವಿಮಾನ ರನ್‌ವೇಗೆ ಎರಡು ಚಿಲ್ಲರೆ ಕಿಲೋಮೀಟರ್ ಇರುವಾಗಲೇ 400 ಅಡಿಗಿಂತ ಕೆಳಗಿರುತ್ತದೆ. ದಾರಿ ಬಿಡುವುದೂ ಸುಲಭವಲ್ಲ, ಏಕೆಂದರೆ ಅದು ಕಣ್ಣನ್ನು ನಂಬಿದೆ. ದೂರದ ವಸ್ತು ಎಷ್ಟು ದೂರವಿದೆ ಎಂದು ನಾವು ಅಳೆಯುವುದು ಮುಖ್ಯವಾಗಿ ಅದರ ಗಾತ್ರದಿಂದ. ವಿಮಾನದ ರೂಪದಲ್ಲೇ ಇರುವ ಮಾದರಿ ಆ ಅಳತೆಯನ್ನೇ ಕೆಡಿಸುತ್ತದೆ: ನೆಲದ ಮೇಲೆ ನಿಂತವನಿಗೆ ಎರಡೂ ಒಂದೇ ನೀಲಿ ಹಾಳೆಯ ಮೇಲೆ ಅಂಟಿಸಿದಂತೆ ಕಾಣುತ್ತವೆ. ಕಾಕ್‌ಪಿಟ್‌ನಲ್ಲಿ ಇನ್ನೊಂದು ತೊಡಕು. ನೇರ ಡಿಕ್ಕಿಯ ದಾರಿಯಲ್ಲಿರುವ ವಸ್ತು ಗಾಜಿನ ಮೇಲೆ ಜರುಗುವುದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕಿಯಾಗಿ ನಿಂತು ಕೊನೆಯ ಕ್ಷಣಗಳಲ್ಲಿ ದೊಡ್ಡದಾಗುತ್ತದೆ. ನಮ್ಮ ಕಣ್ಣು ಹಿಡಿಯುವುದೋ ಚಲಿಸುವುದನ್ನು. ಹಾಗಾಗಿ ಉಳಿದದ್ದು ನಡುವಿನ ಸಲಹೆ: ತಿಳಿಸಿ. ಈ ಮೂರರಲ್ಲಿ ಕಣ್ಣನ್ನು ಅವಲಂಬಿಸದ, ಎರಡು ಕಡೆಯ ಜನರನ್ನು ಮಾತಿಗೆ ತರುವ ಸಾಲು ಅದೊಂದೇ.

2012ರಲ್ಲಿ ಅಮೆರಿಕದ ಸಂಸತ್ತು ಹವ್ಯಾಸಿಗಳ ಪರ ನಿಂತಿತು. ಸಂಘಟನೆಯ ಸುರಕ್ಷಾ ನಿಯಮದಂತೆ ಹಾರಿಸುವವರ ಮೇಲೆ ಎಫ್‌ಎಎ ಹೊಸ ನಿಯಮ ಹೇರುವಂತಿಲ್ಲ ಎಂದಿತು. ತಿಳಿಸಬೇಕಾದ ದೂರವನ್ನು ಮಾತ್ರ 5 ಮೈಲಿ ಮಾಡಿತು. ಅದೇ ಹೊತ್ತಿಗೆ ಡಬ್ಬಿಯಿಂದ ತೆಗೆದು ಹಾರಿಸುವ ಡ್ರೋನ್‌ಗಳು ಅಂಗಡಿಗೆ ಬಂದವು. ಕ್ಲಬ್ಬಿನ ಮುಖ ನೋಡದವರೂ ಆಕಾಶಕ್ಕೆ ಬಂದರು. 2014ರ ಮಾರ್ಚ್‌ನಲ್ಲಿ ಫ್ಲಾರಿಡಾದ ಟಲ್ಲಹಾಸಿ ನಿಲ್ದಾಣದ ಬಳಿ 2,300 ಅಡಿ ಎತ್ತರದಲ್ಲಿ, ಎಫ್-4 ಫ್ಯಾಂಟಮ್ ಯುದ್ಧವಿಮಾನದಂತಿದ್ದ ಚಿಕ್ಕ ವಿಮಾನವೊಂದು ತೀರ ಹತ್ತಿರ ಹಾದುಹೋಯಿತೆಂದು ಪ್ರಾದೇಶಿಕ ಜೆಟ್ ಒಂದರ ಪೈಲಟ್ ವರದಿ ಮಾಡಿದ.

2018ರಲ್ಲಿ ಸಂಸತ್ತು ಹಳೆಯ ವಿನಾಯಿತಿಯನ್ನು ರದ್ದು ಮಾಡಿತು. ನಿಯಂತ್ರಿತ ವಾಯುವಲಯದಲ್ಲಿ ಹಾರಿಸಲು ಮೊದಲೇ ಅನುಮತಿ ಬೇಕೆಂದಾಯಿತು. ಕಾನೂನು ಬಿಗಿಯಾಯಿತು, ನಿಜ. ಆದರೆ ಅನುಮತಿಯ ಜೊತೆಗೇ ‘5 ಮೈಲಿಯೊಳಗೆ ತಿಳಿಸಿ’ ಎಂಬ ಷರತ್ತು ಹೋಯಿತು. ಟವರ್ ಇಲ್ಲದ ಹೆಚ್ಚಿನ ಸಣ್ಣ ನಿಲ್ದಾಣಗಳು ಅನಿಯಂತ್ರಿತ ವಲಯದಲ್ಲಿವೆ. ಅಲ್ಲಿ ಹವ್ಯಾಸಿಗಳಿಗೆ ಅನುಮತಿಯೂ ಬೇಡ, ಫೋನ್ ಕರೆಯೂ ಕಡ್ಡಾಯವಲ್ಲ. ಡಿಕ್ಕಿ ತಪ್ಪಿಸಲು ಮುಖ್ಯವಾಗಿ ದಾರಿ ಬಿಡಿ ಎಂಬ ಮಾತೇ ಉಳಿಯಿತು. ಅಂದರೆ ಮತ್ತೆ ಕಣ್ಣು.

ಕಣ್ಣು ಎಷ್ಟು ದುರ್ಬಲ ಎಂಬುದಕ್ಕೆ ಕೆನಡಾದಲ್ಲಿ ಮತ್ತೊಂದು ಸಾಕ್ಷಿ ಸಿಕ್ಕಿತು. 2021ರ ಆಗಸ್ಟ್ 10ರಂದು ಟೊರಾಂಟೊ ಬಳಿಯ ಬಟನ್‌ವಿಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಸೆಸ್ನಾ 172ಕ್ಕೆ ಪೊಲೀಸ್ ಡ್ರೋನ್ ಒಂದು ಬಡಿಯಿತು. ಒಳಗಿದ್ದ ತರಬೇತುದಾರ ಮತ್ತು ವಿದ್ಯಾರ್ಥಿ ಹಕ್ಕಿಯೇ ಬಡಿದಿರಬೇಕು ಎಂದುಕೊಂಡರು. ಇಳಿದ ಮೇಲೆ ನೋಡಿದರೆ ಎಂಜಿನ್ನಿನ ಮುಂಬದಿಯ ಹೊದಿಕೆ ಜಜ್ಜಿಹೋಗಿತ್ತು. ಡ್ರೋನ್ ನಿಂತಿದ್ದದ್ದು ಸುಮಾರು 400 ಅಡಿಯಲ್ಲಿ. ಆಕಾಶ ನೋಡಿಕೊಳ್ಳಬೇಕಾದವರಿಗೆ ಆ ಕೆಲಸದ ತರಬೇತಿಯೇ ಇರಲಿಲ್ಲವೆಂದು ತನಿಖೆ ಹೇಳಿತು. ಅಲ್ಲೂ ಯಾರಿಗೂ ಗಾಯವಾಗಲಿಲ್ಲ.

ಅದೇ ತಿಂಗಳು ಭಾರತದ ಡ್ರೋನ್ ನಿಯಮಗಳು ಜಾರಿಗೆ ಬಂದವು. ಹಸಿರು ವಲಯಕ್ಕೆ ಅವು ಹಾಕಿದ 120 ಮೀಟರ್ ಮಿತಿಯೂ ಲೆಕ್ಕದಲ್ಲಿ ಅದೇ 400 ಅಡಿ. ಒಂದು ಪುಟದ ಆ ಸುತ್ತೋಲೆಯಲ್ಲಿದ್ದ ಅಂಕಿ ಹೀಗೆ ಇಲ್ಲಿಯೂ ಕಾಣುತ್ತದೆ. ಅಂಕಿಗಳನ್ನು ನಕಲು ಮಾಡುವುದು ಸುಲಭ. ಪಕ್ಕದ ಬಯಲಿನಲ್ಲಿ ಮಾದರಿ ಹಾರಿಸುವವನು ನಿಲ್ದಾಣಕ್ಕೆ ಫೋನ್ ಮಾಡಿ ‘ಇವತ್ತು ಸಂಜೆ ನಾನಿಲ್ಲಿ ಹಾರಿಸುತ್ತೇನೆ’ ಎನ್ನುವ ಅಭ್ಯಾಸವನ್ನು ಅಂಕಿಯಾಗಿ ಬರೆಯಲಾಗದು. ಬ್ರೈಟನ್ನಿನಲ್ಲೂ ಬಟನ್‌ವಿಲ್‌ನಲ್ಲೂ ಜನ ಉಳಿದದ್ದು ಅದೃಷ್ಟದಿಂದ. ಮೂರನೆಯ ಸಲವೂ ಅದೃಷ್ಟವನ್ನೇ ನೆಚ್ಚಿ ಕೂರಬೇಕಿಲ್ಲ. 1981ರ ಆ ಪುಟದ ನಡುವಿನ ಸಾಲನ್ನು ಮತ್ತೆ ಓದಿಕೊಂಡರೆ ಸಾಕು.